ಆಟೋಮ್ಯಾಟಿಕ್ ಫೋರ್ ಬೈ ಫೋರ್ ಇರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗಾಡಿ ಅದುರುತ್ತದೆ ಅಂದ ಕೂಡಲೇ ಗೇರ್‌ಬಾಕ್ಸ್ ಬಿಚ್ಚಿಸಬೇಡಿ, ದಯವಿಟ್ಟು. ಸುಮ್ನೆ ಜಾಸ್ತಿ ಖರ್ಚು.

ಥಾರ್, ಜಿಮ್ನಿಯಂಥ ಗಾಡಿಗಳಲ್ಲಿ ಸೆಂಟರ್ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಇಲ್ಲ. ಒಣ ಟಾರು ರಸ್ತೆಯಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮೋಡ್) ಹಾಕಿ ತಿರುಗಿಸಿದರೆ ಗಾಡಿ ಹಿಡಿದುಕೊಂಡು ಜಗ್ಗುತ್ತದೆ. ಅದು ದೋಷವಲ್ಲ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಓಡಬೇಕು, 4ಎಚ್‌ನಲ್ಲಿ ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸ್‌ನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಅದಕ್ಕೆ ಬಿಡುವುದಿಲ್ಲ. 2ಎಚ್‌ಗೆ (ಎರಡೇ ಚಕ್ರಕ್ಕೆ ಶಕ್ತಿ) ಬದಲಿಸಿ, ನೇರವಾಗಿ ಸ್ವಲ್ಪ ಹಿಂದೆ ಓಡಿಸಿ. ಆಮೇಲೂ ಜಗ್ಗಿದರೆ ಆಗ ಟ್ರಾನ್ಸ್‌ಫರ್ ಕೇಸ್ ನೋಡಿಸಿ.

ಒಂದೇ ವೇಗದಲ್ಲಿ, ಆಕ್ಸಿಲರೇಟರ್ ಹಗುರವಾಗಿ ಒತ್ತಿರುವಾಗ ಮಾತ್ರ ನಡುಕ ಬರುತ್ತದೆಯೇ? ಖಾಲಿ ರಸ್ತೆಯಲ್ಲಿ ಬ್ರೇಕನ್ನು ತುಸುವೇ ಮುಟ್ಟಿ ನೋಡಿ. ನಡುಕ ತಕ್ಷಣ ನಿಂತರೆ ಟಾರ್ಕ್ ಕನ್ವರ್ಟರ್ ಲಾಕಪ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುವ ಕ್ಲಚ್) ಮೇಲೆ ಅನುಮಾನ. ಮೊದಲು ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ (ಎಟಿಎಫ್) ಪರೀಕ್ಷೆ ಮಾಡಿಸಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ತಡ ಮಾಡಬೇಡಿ.

ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕ ಟಕ ಅಂದರೆ ಹೆಚ್ಚಾಗಿ ಸಿವಿ ಜಾಯಿಂಟ್ (ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್‌ನ ಕೀಲು) ಸವೆದಿರುತ್ತದೆ. ಡಿ ಇಂದ ಆರ್‌ಗೆ ಹಾಕಿದಾಗ ದಡ್ ಅಂದರೆ ಯೂನಿವರ್ಸಲ್ ಜಾಯಿಂಟ್ (ಪ್ರೊಪೆಲ್ಲರ್ ಶಾಫ್ಟ್‌ನ ಕೀಲು), ಎಂಜಿನ್, ಗೇರ್‌ಬಾಕ್ಸ್ ಹಿಡಿದಿಡುವ ಮೌಂಟ್‌ಗಳನ್ನು ನೋಡಿಸಿ.

ನಾಲ್ಕು ಟೈರೂ ಒಂದೇ ಅಳತೆ, ಒಂದೇ ಸವೆತ ಇರಲಿ. ಇದನ್ನು ಯಾರೂ ನೋಡುವುದೇ ಇಲ್ಲ, ಅಲ್ವಾ?

ಇಲ್ಲಿ ಕೇಳುವಾಗ ವೇಗ, 2ಎಚ್ ಅಥವಾ 4ಎಚ್, ಎಂಜಿನ್ ಬಿಸಿಯೋ ತಣ್ಣಗೋ ಬರೆದು, ಸದ್ದಿನ ರೆಕಾರ್ಡಿಂಗ್ ಹಾಕಿ.