ಗೊಂಬೆತಲೆಗೂ ಕಿವಿಯಾಲೆ ಬೇಕು

ಮಾನ್ಯರೇ,

ಹಾಡನ್ನು ಎಡಕ್ಕೂ ಬಲಕ್ಕೂ ಸುತ್ತಿಸಿ ‘8ಡಿ ಆಡಿಯೊ’ ಎಂದು ಹಂಚುತ್ತಿದ್ದಾರೆ. ಮೊಮ್ಮಗ ಕೇಳಿಸಿದ, ತಲೆ ತಿರುಗಿತು, ಅಷ್ಟೆ. ನಿಜವಾದ ಬೈನಾರಲ್, ಅಂದರೆ ಎರಡು ಕಿವಿಗಳ, ಧ್ವನಿಮುದ್ರಣವೇ ಬೇರೆ. ಮನುಷ್ಯನ ತಲೆಯಂಥ ಗೊಂಬೆಯ ಎರಡೂ ಕಿವಿಗಳಲ್ಲಿ ಮೈಕ್ ಇಡುತ್ತಾರೆ. ಜರ್ಮನಿಯ ನಾಯ್ಮನ್ ಕಂಪನಿ 1973ರಲ್ಲೇ ಇಂಥದ್ದನ್ನು ತಂದಿತ್ತು. ಬಲಗಡೆಯ ಸದ್ದು ಎಡಗಿವಿಗೆ ಒಂದು ಮಿಲಿಸೆಕೆಂಡಿಗೂ ಕಡಿಮೆ ತಡವಾಗಿ, ತಲೆ ಅಡ್ಡ ಬರುವುದರಿಂದ ತುಸು ಮಂಕಾಗಿ ತಲುಪುತ್ತದೆ. ಸದ್ದು ಎಡದ್ದೋ ಬಲದ್ದೋ ಎಂದು ತಿಳಿಯಲು ಮಿದುಳಿಗೆ ಅಷ್ಟು ಸಾಕು. ಮೇಲೋ ಕೆಳಗೋ, ಹಿಂದೋ ಮುಂದೋ ಎಂಬ ಸುಳಿವು ಕೊಡುವುದು ಕಿವಿಯಾಲೆಯ ಮಡಿಕೆಗಳು. ಹೆಡ್‌ಫೋನ್ ಕಡ್ಡಾಯ, ಸ್ಪೀಕರಿನಲ್ಲಿ ಎಡದ್ದು ಬಲಗಿವಿಗೂ ನುಗ್ಗುತ್ತದೆ. ಎಲ್ಲರ ಕಿವಿಯೂ ಗೊಂಬೆಯದರಂತಿಲ್ಲ, ಹಾಗಾಗಿ ಕೆಲವರಿಗೆ ಮುಂದಿನ ಸದ್ದು ಹಿಂದಿನಿಂದ ಕೇಳಿಸೀತು. ಆದರೂ ನಮ್ಮ ಸಂಗೀತ ಸಭೆಗಳು ಒಂದು ಕಛೇರಿಯನ್ನಾದರೂ ಮೂರನೇ ಸಾಲಿನ ಕುರ್ಚಿಯಲ್ಲಿ ಗೊಂಬೆತಲೆ ಕೂರಿಸಿ ಮುದ್ರಿಸಲಿ.

– ನಿವೃತ್ತ ಧ್ವನಿಮುದ್ರಕ, ಮೈಸೂರು