ಸೊರಗಿದ ಮಂಗಕ್ಕೂ ಪರೀಕ್ಷೆ ಬೇಕು

ಮಾನ್ಯ ಸಂಪಾದಕರೇ,

ಮಂಗ ಸತ್ತು ಬಿದ್ದರೆ ಕೂಡಲೇ ಅರಣ್ಯ ಮತ್ತು ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬುದು ಈಗ ಕೊಡಗಿನ ತೋಟದ ಕಾರ್ಮಿಕರಿಗೂ ಗೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಕಲಿಸಿದ ಎಚ್ಚರ ಅದು. ಆದರೆ ಬದುಕಿದ್ದೂ ದಿನೇ ದಿನೇ ಸೊರಗುವ ಮಂಗದ ವಿಷಯವನ್ನು ಯಾರಿಗೆ ಹೇಳಬೇಕೆಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ, ನಮ್ಮ ಕಾಫಿ ಕಣದ ಬದಿಗೆ ಬರುವ ಹಿಂಡಿನಲ್ಲಿ ಮರಿ ಕಟ್ಟಿಕೊಂಡ ಹೆಣ್ಣು ಮಂಗವೊಂದು ಸದಾ ಹಿಂದುಳಿಯುತ್ತಿತ್ತು. ಮೈಗೂದಲು ಕೆದರಿತ್ತು, ಬಾಲದ ಬುಡಕ್ಕೆ ಭೇದಿ ಮೆತ್ತಿಕೊಂಡಿತ್ತು. ಲೈನ್ ಮನೆಯವರು (ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರು) ಮಂಗನ ಕಾಯಿಲೆಯೇ ಬಂತೆಂದು ಹೆದರಿದರು. ನಾನು ಕೈಗವಸು ಹಾಕಿಕೊಂಡು, ಕಲ್ಲಿನ ಮೇಲೆ ಬಿದ್ದಿದ್ದ ಹಸಿ ಮಲವನ್ನು ಮಣ್ಣು ಸೇರದಂತೆ ಮುಚ್ಚಳದ ಡಬ್ಬಿಗೆ ತೆಗೆದು ಪಶು ಆಸ್ಪತ್ರೆಗೆ ಒಯ್ದೆ. ವೈದ್ಯರು ಬೇಸರಿಸದೆ ಅದನ್ನು ಗಾಢವಾದ ಉಪ್ಪಿನ ದ್ರಾವಣದಲ್ಲಿ ಕಲಸಿ, ಸೋಸಿ, ಕಾಲು ಗಂಟೆ ಬಿಟ್ಟರು. ಹುಳುಗಳ ಹಗುರ ಮೊಟ್ಟೆಗಳು ಮೇಲಕ್ಕೆ ತೇಲಿ ಗಾಜಿಗೆ ಅಂಟುತ್ತವಂತೆ. ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು: ಎರಡೂ ತುದಿಗೆ ಬಿರಡೆ ಜಡಿದ ಪೀಪಾಯಿಯಂತಹ ಕಂದು ಮೊಟ್ಟೆ, ಕರುಳಿನಲ್ಲಿ ಬದುಕುವ ಚಾಟಿಹುಳುವಿನದು. ಆದರೆ ದಾಖಲಿಸಲು ಹೋದರೆ ಪುಸ್ತಕದಲ್ಲಿ ದನ, ಹಂದಿ, ಆಡು, ನಾಯಿಗೆ ಕಾಲಂ ಇತ್ತು, ಮಂಗಕ್ಕೆ ಇರಲಿಲ್ಲ. ಅರಣ್ಯ ಕಚೇರಿಯಲ್ಲಿ ವಿಚಾರಿಸಿದಾಗ ಪರೀಕ್ಷೆ ಪಶುಪಾಲನೆಯವರ ಕೆಲಸವೆಂದರು.

ಮೊಟ್ಟೆ ಕಂಡ ಮಾತ್ರಕ್ಕೆ ಪ್ರಾಣಿಗೆ ಕಾಯಿಲೆಯೆಂದಲ್ಲ. ಕಾಡಿನ ಮಂಗಗಳ ಹೊಟ್ಟೆಯಲ್ಲಿ ಒಂದಿಷ್ಟು ಹುಳು ಇರುವುದು ಸಹಜ. ಹಾಗೆಯೇ ಒಮ್ಮೆ ಕಾಣಲಿಲ್ಲವೆಂದರೆ ಹುಳು ಇಲ್ಲವೆಂದೂ ಅಲ್ಲ, ಏಕೆಂದರೆ ಮೊಟ್ಟೆಗಳು ದಿನವೂ ಒಂದೇ ಪ್ರಮಾಣದಲ್ಲಿ ಹೊರಬೀಳುವುದಿಲ್ಲ. ದಿನ ಬಿಟ್ಟು ದಿನ ಮೂರು ಮಾದರಿ ನೋಡುವುದು ವಾಡಿಕೆ. ನಾಯಿಯ ಮಲದಿಂದ ಬರುವ ಕೆಲವು ಲಾಡಿಹುಳುಗಳ ಮರಿಗಳು ಮಂಗದ ಚರ್ಮದಡಿಯಲ್ಲಿ ನೀರುಗಂಟಾಗಿ ಬೆಳೆಯುತ್ತವೆ. ಅವು ಮಲಪರೀಕ್ಷೆಗೆ ಸಿಗುವುದೇ ಇಲ್ಲ. ಮಂಗಗಳ ಮಲೇರಿಯಾ ಪರಾವಲಂಬಿಗೆ ಗಾಜಿನ ಮೇಲೆ ಹಚ್ಚಿ ನೋಡುವ ರಕ್ತದ ಲೇಪನವೇ ಬೇಕು. ಇದನ್ನೆಲ್ಲ ತೂಗಿ ನೋಡಬೇಕಾದವರು ಪಶುವೈದ್ಯರೇ ಹೊರತು, ಬಾಳೆಹಣ್ಣಿನಲ್ಲಿ ದನದ ಜಂತು ಮಾತ್ರೆ ತುರುಕಿ ಎಸೆಯುವ ನಮ್ಮಂತಹ ತೋಟದವರಲ್ಲ. ಆ ಹಣ್ಣನ್ನು ಹಿಂಡಿನ ಬಲಿಷ್ಠ ಗಂಡೇ ಕಸಿದುಕೊಂಡು ತಿನ್ನುತ್ತದೆ, ಬಡಕಲು ಹೆಣ್ಣಿಗೆ ಸಿಪ್ಪೆಯೂ ಸಿಗದು.

ಚಾಟಿಹುಳುವೂ ಚರ್ಮ ಕೊರೆದು ಒಳಹೋಗುವ ಕೆಲವು ನೂಲಿನಂತಹ ಹುಳುಗಳೂ ಮಂಗದಿಂದ ಮನುಷ್ಯರಿಗೆ ದಾಟಬಲ್ಲವು. ಚಾಟಿಹುಳುವಿನ ಮೊಟ್ಟೆ ಮಣ್ಣಿನಲ್ಲಿ ಎರಡು ಮೂರು ವಾರ ಬಲಿತ ಮೇಲೆಯೇ ಸೋಂಕು ತಗಲಿಸುತ್ತದೆ, ಅದಕ್ಕೆ ತೇವ ಮತ್ತು ನೆರಳು ಬೇಕು. ನಮ್ಮ ಕಾಫಿ ತೋಟದಲ್ಲಿ ಅವೆರಡಕ್ಕೂ ಬರವಿಲ್ಲ. ಲೈನ್ ಮನೆಗಳ ಮಕ್ಕಳು ಬರಿಗಾಲಲ್ಲಿ ಆಡುವುದು ಇದೇ ಮಣ್ಣಿನಲ್ಲಿ. ಸಂಪಾಜೆ, ಮಾಕುಟ್ಟ ಘಾಟಿ ರಸ್ತೆಗಳಲ್ಲಿ ವಾಹನ ನಿಲ್ಲಿಸಿ ಮಂಗಗಳಿಗೆ ಚಿಪ್ಸ್ ಎಸೆಯುವ ಪ್ರವಾಸಿಗರಂತೂ (ಬೋರ್ಡ್ ಓದುವ ವ್ಯವಧಾನ ಅವರಿಗಿಲ್ಲ) ಹಿಂಡುಗಳನ್ನು ಒಂದೇ ಜಾಗದಲ್ಲಿ ಕೂರಿಸಿ ಸೋಂಕು ಹೆಚ್ಚಲು ದಾರಿ ಮಾಡುತ್ತಾರೆ.

ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಸಂಸ್ಥೆಯಿದೆ, ತಾಲ್ಲೂಕುಗಳಲ್ಲಿ ಪಶುವೈದ್ಯರಿದ್ದಾರೆ. ಅರಣ್ಯ ಮತ್ತು ಪಶುಪಾಲನಾ ಇಲಾಖೆಗಳೆರಡೂ ಕೂಡಿ, ಕಾಡುಪ್ರಾಣಿಗಳ ಮಲದ ಮಾದರಿಯನ್ನು ಎಲ್ಲಿ ಕೊಡಬೇಕು, ಯಾರು ದಾಖಲಿಸಬೇಕು ಎಂಬುದನ್ನು ಲಿಖಿತವಾಗಿ ತಿಳಿಸಲಿ. ಹಾವಳಿ ಹೆಚ್ಚಿತೆಂದು ಒಂದೆಡೆ ಹಿಡಿದ ಮಂಗಗಳನ್ನು ಇನ್ನೊಂದೆಡೆಯ ಕಾಡಿಗೆ ಬಿಡುವಾಗಲಾದರೂ, ಬೋನು ತೆರೆಯುವ ಮುನ್ನ ಅದರ ತಳದಲ್ಲಿ ಬಿದ್ದಿರುವ ಮಲವನ್ನು ಪರೀಕ್ಷಿಸುವುದು ಕಡ್ಡಾಯವಾಗಬೇಕು.

ಇತಿ,
ಒಬ್ಬ ಕಾಫಿ ಬೆಳೆಗಾರ,
ದಕ್ಷಿಣ ಕೊಡಗು