ಫೋಟೊದಲ್ಲಿ ಬ್ಯಾಟರಿಯೂ ಕಾಣಲಿ

ಮಾನ್ಯರೇ,

ಮೀನಿನ ತೊಟ್ಟಿಯ ನೀರಿನಲ್ಲಿ ಸೊಪ್ಪು ಬೆಳೆಯುವ ಅಕ್ವಾಪೋನಿಕ್ಸ್ ಬಗ್ಗೆ ನಿಮ್ಮ ಕೃಷಿ ಪುಟದಲ್ಲಿ ಬಂದ ಲೇಖನ ಓದಿದೆ. ಮಣ್ಣು ಬೇಡ, ಗೊಬ್ಬರ ಬೇಡ, ಮೀನೂ ಸಿಗುತ್ತೆ, ಸೊಪ್ಪೂ ಸಿಗುತ್ತೆ. ಸುಳ್ಳೇನಲ್ಲ. ಎರಡು ವರ್ಷದಿಂದ ನಮ್ಮ ತಾರಸಿ ಮೇಲೂ ಇದೇ ಕೆಲಸ. ಆದರೆ ನಾನು ಮೀನು ಸಾಯಿಸಿದ ಲೆಕ್ಕವೂ ಇದೆ.

ನನ್ನದು ಸಾವಿರ ಲೀಟರ್ ತೊಟ್ಟಿ, ಪಕ್ಕದಲ್ಲಿ ಸೊಪ್ಪಿಗೆಂದು ಜಲ್ಲಿ ತುಂಬಿದ ಎರಡು ಅರ್ಧ ಡ್ರಮ್. ಕಿಟ್ ಮಾರಿದವರು ‘ಇವತ್ತು ಜೋಡಿಸಿ, ನಾಳೆ ಮೀನು ಬಿಡಿ’ ಅಂದರು. 50 ಜಿಲೇಬಿ ಮೀನಿನ (ತಿಲಾಪಿಯಾ) ಮರಿ ಬಿಟ್ಟೆ. ಮೊಮ್ಮಗಳು ಮೇಲೆ ಹೋದಾಗಲೆಲ್ಲ ಒಂದು ಹಿಡಿ ತಿಂಡಿ ಹಾಕಿದಳು. ಎಂಟೇ ದಿನ. ಮರಿಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಮೀನಿನ ಕಿವಿರಿನಿಂದ ಬರುವ ಅಮೋನಿಯಾ ಮೀನಿಗೇ ವಿಷವಂತೆ. ಜಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡಿದರೆ ಮಾತ್ರ ಸೊಪ್ಪಿಗೆ ಊಟ. ಆ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಕ್ಲೋರಿನ್ ಇರುವ ನಲ್ಲಿ ನೀರನ್ನು ನೇರ ತುಂಬಿದ್ದೂ ನನ್ನದೇ ತಪ್ಪು.

ಎರಡನೇ ಸಲ ಅಷ್ಟು ವಾರ ಕಾದು, ಆಮೇಲೆ ಮರಿ ಬಿಟ್ಟೆ. ಮೀನು ಅಂಗೈ ಅಗಲ ಆದವು. ಆಗ ಒಂದು ಮಳೆ ರಾತ್ರಿ ಕರೆಂಟ್ ಹೋಯಿತು. ನೀರಿಗೆ ಗಾಳಿ ಊದುವ ಪಂಪ್ ನಿಂತಿತು. ಜಿಲೇಬಿ ಗಟ್ಟಿ ಜಾತಿ, ಅದೂ ತಡೆಯಲಿಲ್ಲ. ಬೆಳಿಗ್ಗೆ 31 ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಾನು 33 ವರ್ಷ ಲೈನ್‌ಮನ್ ಆಗಿದ್ದವನು. ‘ಊರಿಗೆಲ್ಲ ಕರೆಂಟ್ ಕೊಟ್ಟೋರು, ಮೀನಿಗೆ ಕೊಡಲಿಲ್ವಲ್ಲ’ ಅಂತ ನಮ್ಮ ಮನೆಯವಳು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಈಗ 25 ಮೀನು ಮಾತ್ರ. ಹಳೇ ಬೈಕಿನ ಬ್ಯಾಟರಿಗೆ ಇನ್ನೊಂದು ಸಣ್ಣ ಪಂಪ್ ಕಟ್ಟಿದ್ದೇನೆ. ಪಾಲಕ್, ಪುದೀನ ಸೊಗಸಾಗಿ ಬರುತ್ತೆ. ಎಳೆ ಎಲೆ ಹಳದಿಯಾದರೆ ಕಬ್ಬಿಣದ ಅಂಶ ಬೇರೆ ಕೊಡಬೇಕು, ಮೀನಿನ ತಿಂಡಿಯಲ್ಲಿ ಇರುವುದು ಸಾಲದು. ಸೊಪ್ಪಿಗೆ ಹೇನು ಹತ್ತಿದರೆ ಔಷಧಿ ಹೊಡೆಯುವಂತಿಲ್ಲ, ತೊಟ್ಟಿಗಿಳಿದರೆ ಮೀನಿಗೆ ಕುತ್ತು. ಸುಮ್ನೆ ಕೂತು ಎಲೆ ಎಲೆಯನ್ನೂ ಬೆರಳಿನಿಂದ ಒರೆಸಬೇಕು. ಪಿಂಚಣಿದಾರನಿಗೆ ಅಷ್ಟು ಪುರಸೊತ್ತಿದೆ. ಸಾಲ ಮಾಡಿ ಶೆಡ್ ಹಾಕುವ ಹುಡುಗರಿಗೆ ಇರುತ್ತಾ?

ಮುಂದಿನ ಸಲ ಬರೆಯುವಾಗ ಆ ಆರು ವಾರದ ಕಾಯುವಿಕೆಯನ್ನೂ ಬ್ಯಾಟರಿ ಖರ್ಚನ್ನೂ ದಯವಿಟ್ಟು ಸೇರಿಸಿ. ಫೋಟೊದಲ್ಲಿ ಸೊಪ್ಪಿನ ಪಕ್ಕ ಆ ಬ್ಯಾಟರಿಯೂ ಕಾಣಲಿ.

– ನಿವೃತ್ತ ಲೈನ್‌ಮನ್, ತಿಪಟೂರು